ಮೆತ್ತನೆಯ ಡ್ಯಾನ್ಸ್ ಪ್ಯಾಡಿಗೆ ಗಟ್ಟಿ ತಳ

ಕೊನಾಮಿ ಸಂಸ್ಥೆ 1998ರಲ್ಲಿ ಜಪಾನಿನ ವಿಡಿಯೋ ಆಟದ ಆರ್ಕೇಡ್‌ಗಳಿಗೆ ತಂದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ, ಪರದೆಯ ಬಾಣಗಳಿಗೆ ತಕ್ಕಂತೆ ಕಾಲಡಿಯ ಬಾಣಗಳನ್ನು ತುಳಿಯುವ ಆಟದ ಯಂತ್ರದಲ್ಲಿ ಹೆಜ್ಜೆ ಹಾಕುವ ವೇದಿಕೆ ಗಟ್ಟಿಯಾಗಿತ್ತು. ಇಂತಹ ಆಟಕ್ಕೆ ಮನೆಯಲ್ಲಿ ಹಾಸುವ ಮಡಚುವ ಡ್ಯಾನ್ಸ್ ಪ್ಯಾಡು ಹಾಗಲ್ಲ. ಅದು ನೆಲದ ಮೇಲೆ ಜಾರುತ್ತದೆ, ಸುಕ್ಕುಗಟ್ಟುತ್ತದೆ, ಆಡುತ್ತಿರುವಾಗಲೇ ಬಾಣದ ಗುರುತು ಕಾಲಡಿಯಿಂದ ಸರಿದುಹೋಗುತ್ತದೆ. ಪ್ಯಾಡು ಕೆಟ್ಟಿದೆಯೆಂದು ಬಿಚ್ಚುವ ಮೊದಲು ತಳವನ್ನು ಸರಿಪಡಿಸುವುದು ಲೇಸು.

ಇಂತಹ ಪ್ಯಾಡಿನ ಒಳಗೆ ವಿದ್ಯುತ್ ಹರಿಯುವ ಲೇಪನವುಳ್ಳ ಎರಡು ತೆಳು ಹಾಳೆಗಳಿದ್ದು, ತೂತುಗಳಿರುವ ಫೋಮ್ ಪದರವೊಂದು ಅವುಗಳನ್ನು ಬೇರೆಯಾಗಿ ಇರಿಸುತ್ತದೆ. ಕಾಲಿಟ್ಟಾಗ ಹಾಳೆಗಳು ತೂತಿನ ಮೂಲಕ ಒಂದನ್ನೊಂದು ಮುಟ್ಟುತ್ತವೆ. ಆದ್ದರಿಂದ ಅಡಿಯಲ್ಲಿ ದಪ್ಪ ಕಾರ್ಪೆಟ್ ಇದ್ದರೆ ಒತ್ತಡ ಹಂಚಿಹೋಗಿ ಹೆಜ್ಜೆ ದಾಖಲಾಗದಿರಬಹುದು. ಪ್ಯಾಡನ್ನು ಅತಿಯಾಗಿ ಬಿಗಿದರೆ ಹಾಳೆಗಳು ಅಂಟಿಕೊಂಡೇ ಉಳಿದು, ಯಾರೂ ತುಳಿಯದಿದ್ದರೂ ಬಾಣ ಒತ್ತಿದಂತೆ ತೋರುತ್ತದೆ.

ಪ್ಯಾಡಿನ ಉದ್ದ ಅಗಲಗಳನ್ನು ಅಳೆದು, ಎಲ್ಲ ಬದಿಗೂ ಎರಡೆರಡು ಇಂಚು ಹೆಚ್ಚಿಗೆ ಇರುವಂತೆ 12 ಮಿ.ಮೀ. ಪ್ಲೈವುಡ್ ತುಂಡೊಂದನ್ನು ಕೊಯ್ಯಿಸಿಕೊಳ್ಳಿ. ಬಡಗಿಯ ಬಳಿ ಉಳಿದ ತುಂಡು ಸಿಕ್ಕರೆ ಖರ್ಚು ಇನ್ನೂ ಕಡಿಮೆ. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಹಲಗೆಯ ಅಡಿಗೆ ರಬ್ಬರ್ ಮ್ಯಾಟ್ ಅಂಟಿಸಿ. ಟೈಲ್ಸ್ ನೆಲದಲ್ಲಿ ಈ ಮ್ಯಾಟ್ ಇಲ್ಲದಿದ್ದರೆ ಹಲಗೆಯೇ ಜಾರುತ್ತದೆ. ಕೆಳಗಿನ ಮನೆಯವರಿಗೂ ಇದರಿಂದ ಸದ್ದು ತುಸು ಕಡಿಮೆ ಕೇಳೀತು.

ಬಳಿಕ ಪ್ಯಾಡನ್ನು ಬಿಸಿಲಿಗಿಟ್ಟು ಮಡಿಕೆಗಳನ್ನು ಸ್ವಲ್ಪ ಸಡಿಲಗೊಳಿಸಿ, ಹಲಗೆಯ ಮೇಲೆ ಹಾಸಿ, ಎದುರುಬದುರಿನ ಅಂಚುಗಳನ್ನು ಒಂದಾದ ಮೇಲೊಂದರಂತೆ ಎರಡಿಂಚಿನ ಡಕ್ಟ್ ಟೇಪಿನಿಂದ ಹಲಗೆಗೆ ಅಂಟಿಸುತ್ತ ಬನ್ನಿ. ಸುಕ್ಕು ಹೋಗುವಷ್ಟು ಮಾತ್ರ ಎಳೆಯಬೇಕು. ಒಂದೊಂದು ಬದಿ ಮುಗಿದಾಗಲೂ ಕಂಪ್ಯೂಟರಿಗೆ ಜೋಡಿಸಿ, ಉಚಿತವಾಗಿ ಸಿಗುವ, ಇದೇ ಬಗೆಯ ಆಟದ ಸ್ಟೆಪ್‌ಮೇನಿಯಾ ತಂತ್ರಾಂಶದ ‘ಟೆಸ್ಟ್ ಇನ್‌ಪುಟ್’ ಪರದೆಯಲ್ಲಿ ಯಾವ ಬಾಣವೂ ತಾನಾಗಿ ಹೊತ್ತಿಕೊಂಡಿಲ್ಲವೆಂದು ನೋಡಿಕೊಳ್ಳಿ. ವೈರ್ ಹೊರಬರುವ ಕಡೆ ಟೇಪು ಬಿಗಿಯದೆ, ಅದಕ್ಕೊಂದು ಸಡಿಲ ಸುತ್ತು ಬಿಡಬೇಕು.

ಇಷ್ಟಕ್ಕೇ ನಿಲ್ಲಿಸಬಹುದು, ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಲಾಭ ಕೊಡುವುದು ಮುಂದಿನ ಕೆಲಸ. ಕಣ್ಣು ಪರದೆಯ ಮೇಲಿರುವಾಗ ಕಾಲಿಗೆ ನಡುಭಾಗ ಎಲ್ಲಿದೆಯೆಂಬುದು ತಿಳಿಯುವುದಿಲ್ಲ. ಹಳೆಯ ಯೋಗ ಮ್ಯಾಟನ್ನು ಚೌಕವಾಗಿ ಕತ್ತರಿಸಿ, ಪ್ಯಾಡಿನ ನಡುವಿನ ಚೌಕಕ್ಕೂ, ಆಟದಲ್ಲಿ ಬಳಸದ ಮೂಲೆಗಳಿಗೂ ದ್ವಿಮುಖ ಟೇಪಿನಿಂದ ಅಂಟಿಸಿದರೆ, ಬಾಣಗಳು ತುಸು ತಗ್ಗಿನಲ್ಲಿ ಉಳಿದು ಪಾದಕ್ಕೆ ಅಂಚು ತಾಗುತ್ತದೆ. ಮೂಲೆಯ ಗುಂಡಿಗಳಿಂದ ಮೆನು ನಡೆಸುವವರು ಅವನ್ನು ಮುಚ್ಚದೆ, ನಡುವಿನ ಚೌಕವೊಂದನ್ನೇ ಎತ್ತರಿಸಲಿ.

ಇಷ್ಟಾದರೂ ತುಳಿದಾಗ ಒಂದು ಬಾಣ ಸರಿಯಾಗಿ ಸ್ಪಂದಿಸದೆ ಇದ್ದು, ಪ್ಯಾಡಿಗೆ ಜಿಪ್ ಇದ್ದರೆ, ಅದನ್ನು ತೆರೆದು ಆ ಬಾಣದ ಕೆಳಗೆ, ಮೇಲಿನ ಹಾಳೆಯ ಮೇಲೆ ಅಂಗೈಯಗಲದ ತೆಳು ರಟ್ಟೊಂದನ್ನು ಇಡಿ. ಲೇಪನವಿರುವ ಬದಿಯನ್ನು ಉಜ್ಜಬಾರದು.