ಲ್ಯಾಪ್ ಸ್ಟೀಲ್ ಗಿಟಾರಿಗೆ ಹೊಸ ಶ್ರುತಿ: ಮೊದಲು ಹಾಡು, ಆಮೇಲೆ ತಂತಿ, ಕೊನೆಗೆ ಬಿರಡೆ

ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಆರು ತಂತಿಯ ಗಿಟಾರ್, ಲ್ಯಾಪ್ ಸ್ಟೀಲ್, ಕೊಂಡವರು ಮೊಬೈಲಿನಲ್ಲಿ ಯಾವುದೋ ಶ್ರುತಿಯ ಪಟ್ಟಿ ನೋಡಿ ನೇರವಾಗಿ ಬಿರಡೆಗೆ ಕೈ ಹಾಕುತ್ತಾರೆ. ಸಂಜೆಯೊಳಗೆ ಒಂದಾದರೂ ತಂತಿ ಹರಿದಿರುತ್ತದೆ. ಬಿರಡೆ ಮುಟ್ಟುವುದು ಕೊನೆಯ ಕೆಲಸ.

ಮೊದಲಿಗೆ, ಏನು ನುಡಿಸುತ್ತೀರಿ ಎಂಬುದನ್ನು ನಿರ್ಧರಿಸಿ. ಉಕ್ಕಿನ ಬಾರ್ ಆರೂ ತಂತಿಗಳ ಮೇಲೆ ನೇರವಾಗಿ ಕೂರುವುದರಿಂದ, ಶ್ರುತಿಯಲ್ಲಿ ಇಲ್ಲದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸುಲಭವಾಗಿ ಸಿಗುವುದಿಲ್ಲ. ಬಾರನ್ನು ಓರೆಯಾಗಿ ಹಿಡಿದು ಕೆಲವನ್ನು ಪಡೆಯಬಹುದು, ಆದರೆ ಹೊಸಬರು ಅದನ್ನು ನಂಬಿ ಕೂರಬಾರದು.

ರಾಗ, ದೇವರನಾಮ ನುಡಿಸುವವರಿಗೆ ನನ್ನ ಸಲಹೆ ಒಂದೇ: ಓಪನ್ ಡಿ. ದಪ್ಪ ತಂತಿಯಿಂದ ಎಣಿಸಿದರೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಎಂದರೆ ಸ-ಪ-ಸ-ಗ-ಪ-ಸ. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಲ್ಲಿ ಗೋಟುವಾದ್ಯ (ಹೀಗೆಯೇ ಜಾರಿಸಿ ನುಡಿಸುವ ವೀಣೆ) ಕೇಳಿ ಬೆಳೆದ ಕಿವಿಗೆ ಇದು ಕೂಡಲೇ ಹಿಡಿಸುತ್ತದೆ. ತಂತಿಯ ಸಂಖ್ಯೆಯನ್ನು ಮಾತ್ರ ಸಣ್ಣ ತಂತಿಯಿಂದ ಎಣಿಸುತ್ತಾರೆ; ಹಾಗಾಗಿ ಎಫ್ ಶಾರ್ಪ್ ಮೂರನೆಯದು. ಮೋಹನ, ಕಲ್ಯಾಣಿಗಳಿಗೆ ಆ ಮೂರನೆಯ ತಂತಿಯ ಅಂತರ ಗಾಂಧಾರ (ಮೇಲಿನ ಗ) ಸರಿಹೋಗುತ್ತದೆ. ಖರಹರಪ್ರಿಯ, ಹಿಂದೋಳ ನುಡಿಸುವಾಗ ಅದನ್ನು ಅರ್ಧ ಸ್ವರ ಇಳಿಸಿ, ಇಲ್ಲವೇ ಅಂಗೈಯಿಂದ ಅದುಮಿಡಿ.

ಭಾವಗೀತೆ, ಹಳೆಯ ಚಿತ್ರಗೀತೆಗಳಿಗಾದರೆ ಸಿ-ಸಿಕ್ಸ್: ಸಿ, ಇ, ಜಿ, ಎ, ಸಿ, ಇ. ದಪ್ಪನೆಯ ಮೂರು ತಂತಿಗಳಲ್ಲಿ ಸಿ ಮೇಜರ್, ಸಣ್ಣ ಮೂರರಲ್ಲಿ ಎ ಮೈನರ್. ಬಾರ್ ಕದಲಿಸದೆ ಎರಡೂ ಸಿಗುತ್ತವೆ.

ಈಗ ಜನ ಎಡವುವ ಜಾಗ, ತಂತಿ. ಅಂಗಡಿಯವರು ಕಟ್ಟಿಕೊಡುವುದು ಸಾಮಾನ್ಯವಾಗಿ ಮಾಮೂಲಿ ಗಿಟಾರಿನ ತಂತಿಗಳನ್ನೇ. ಓಪನ್ ಡಿಗೆ ಅವು ಸಾಕು, ಏಕೆಂದರೆ ಮಾಮೂಲಿ ಶ್ರುತಿಯಿಂದ ಒಂದು ತಂತಿಯನ್ನೂ ಏರಿಸಬೇಕಾಗಿಲ್ಲ. ನಾಲ್ಕು ಇಳಿಯುತ್ತವೆ, ಎರಡು ಇದ್ದಲ್ಲೇ ಇರುತ್ತವೆ. ಅದೇ ಕ್ರಮವನ್ನು ಒಂದು ಸ್ವರ ಮೇಲಕ್ಕೆ ಒಯ್ದು ಓಪನ್ ಇ ಮಾಡಿದರೆ ಮೂರು ತಂತಿ ಬಿಗಿಯಬೇಕು. ಒಂದು ಪೂರ್ಣ ಸ್ವರ ಏರಿಸಿದರೆ ಎಳೆತ ಸುಮಾರು ಶೇ 26ರಷ್ಟು ಹೆಚ್ಚುತ್ತದೆ.

ಸಿ-ಸಿಕ್ಸ್‌ನಲ್ಲಿ ಮಾಮೂಲಿ ತಂತಿ ಕೆಲಸಕ್ಕೆ ಬಾರದು. ನಾಲ್ಕನೆಯದನ್ನು ಡಿಯಿಂದ ಜಿಗೆ ಏರಿಸಿದರೆ ಎಳೆತ ಶೇ 78ರಷ್ಟು ಏರುತ್ತದೆ. ಐದನೆಯದನ್ನು ಎಯಿಂದ ಮೇಲಿನ ಇಗೆ ಒಯ್ದರೆ ಎರಡು ಪಟ್ಟನ್ನೂ ಮೀರುತ್ತದೆ. ಹೆದರಿದವರು ದಪ್ಪ ತಂತಿಗಳನ್ನು ಕೆಳಕ್ಕೆ ಇಳಿಸುತ್ತಾರೆ. ಆಗ ತಂತಿ ಜೋತು, ಬಾರ್ ಇಟ್ಟರೆ ಗರಗರ ಸದ್ದು ಬರುತ್ತದೆ. ಬಿಡಿ ತಂತಿಗಳನ್ನೇ ಕೇಳಿ ಕೊಳ್ಳಿ. ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಸಣ್ಣದರಿಂದ ದಪ್ಪಕ್ಕೆ 15, 18, 22, 26, 30, 36 ಆದರೆ ಚೆನ್ನ. ಅಳತೆ ಬರೆದಿಲ್ಲದ ಪೊಟ್ಟಣವನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ತಂತಿ ಕಟ್ಟಿ, ಬೆರಳಿನಿಂದ ಮೆಲ್ಲನೆ ಎಳೆದು ಪಳಗಿಸಿ, ಕೆಳಗಿನಿಂದ ಮೇಲಕ್ಕೆ ಏರಿಸುತ್ತಾ ಶ್ರುತಿ ಕೂಡಿಸಿ. ಓಪನ್ ಡಿಯಲ್ಲಿ ಮೂರನೆಯ ತಂತಿಯ ವಿಷಯದಲ್ಲಿ ಮಾತ್ರ ಟ್ಯೂನರಿನ ಮಾತು ಕೇಳಬೇಡಿ. ಅದು ತೋರಿಸುವುದಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಭಾಗವೇ ಒಂದು ಸೆಂಟ್) ಇಳಿಸಿ, ಡಿ ಮತ್ತು ಎ ತಂತಿಗಳ ಜೊತೆ ಮೀಟಿ ನೋಡಿ. ಅಲುಗಾಟ ನಿಂತು ನಾದ ಒಂದಾದ ಕಡೆ ಬಿರಡೆಯಿಂದ ಕೈ ತೆಗೆಯಿರಿ.