ಸಿಂಕಿನಡಿ ಡಿಸ್ಪೋಸರ್, ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್

ಸಿಂಕಿನಡಿ ಗಾರ್ಬೇಜ್ ಡಿಸ್ಪೋಸರ್ (ಮುಸುರೆಯನ್ನು ಅರೆದು ನೀರಿನ ಜೊತೆ ಪೈಪಿಗೆ ಬಿಡುವ ಯಂತ್ರ) ಕೂರಿಸಿದರೆ ಮುಸುರೆಯ ಕಾಟ ತಪ್ಪುವುದು ಅಡುಗೆಮನೆಗೆ ಮಾತ್ರ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ ಅರೆದದ್ದೆಲ್ಲ ಹಿತ್ತಲಿಗೇ ಹೋಗಿ ಸೇರುತ್ತದೆ.

ಟ್ಯಾಂಕಿನಲ್ಲಿ ಭಾರದ್ದು ತಳಕ್ಕಿಳಿದು ಹೂಳಾಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ. ನಡುವಿನ ನೀರಷ್ಟೇ ಹೊರಗೆ ಹೋಗಿ ಮಣ್ಣಿನಲ್ಲಿ ಇಂಗಬೇಕು. ನುಣ್ಣಗೆ ಅರೆದ ಚೂರು ಬೇಗ ತಳ ಹಿಡಿಯುವುದಿಲ್ಲ. ನಡುನೀರಿನಲ್ಲೇ ಅಲೆಯುತ್ತ ಹೊರಬಿದ್ದು ಮಣ್ಣಿನ ಸಂದುಗಳನ್ನು ಮುಚ್ಚಿಬಿಡುತ್ತದೆ. ತುಂಬಿದ ಟ್ಯಾಂಕನ್ನು ಖಾಲಿ ಮಾಡಿಸಬಹುದು, ಕಟ್ಟಿಕೊಂಡ ಇಂಗುಜಾಗಕ್ಕೆ ಅಂಥ ಸುಲಭದ ದಾರಿಯಿಲ್ಲ.

ಆದ್ದರಿಂದ ಮೊದಲು ತಟ್ಟೆ, ಪಾತ್ರೆಗಳನ್ನು ಬಳಿದು ಗೊಬ್ಬರದ ಬುಟ್ಟಿಗೆ ಹಾಕಿ. ಸಿಂಕಿಗೆ ಬೀಳುವುದು ಅಂಟಿಕೊಂಡ ಚೂರುಪಾರು ಮಾತ್ರ ಆಗಿರಲಿ. ಎಣ್ಣೆ, ಮೂಳೆ, ನಾರಿನ ಸಿಪ್ಪೆ ಬೇಡವೇ ಬೇಡ. ಕಾಫಿ ಚರಟ, ಮೊಟ್ಟೆಚಿಪ್ಪು ಪುಡಿಯಾದರೂ ಸುಲಭಕ್ಕೆ ಕೊಳೆಯುವುದಿಲ್ಲ, ಮರಳಿನಂತೆ ತಳದಲ್ಲಿ ಕೂರುತ್ತವೆ.

ತಣ್ಣೀರಿನ ನಲ್ಲಿ ಬಿಟ್ಟು ಆಮೇಲೆ ಸ್ವಿಚ್ ಒತ್ತಿ. ಬಿಸಿನೀರು ಜಿಡ್ಡನ್ನು ಕರಗಿಸಿ ಒಯ್ದು, ಮುಂದೆ ಪೈಪಿನೊಳಗೆ ಹೆಪ್ಪುಗಟ್ಟಿಸುತ್ತದೆ. ಒಂದು ಸಲಕ್ಕೆ ಒಂದು ಹಿಡಿ ಸಾಕು. ಗರಗರ ನಿಂತು ಮೋಟಾರಿನ ಗುಂಯ್ ಸದ್ದಷ್ಟೇ ಕೇಳಿದಾಗ ಆಫ್ ಮಾಡಿ, ನೀರನ್ನು ಇನ್ನೂ 15–20 ಸೆಕೆಂಡು ಹರಿಯಬಿಡಿ.

ಗುಂಯ್ ಎನ್ನುತ್ತಿದೆ, ತಿರುಗುತ್ತಿಲ್ಲ ಅಂದರೆ ಏನೋ ಸಿಕ್ಕಿಕೊಂಡಿದೆ. ಪ್ಲಗ್ ಕಿತ್ತು, ಯಂತ್ರದ ತಳದ ನಡುವಿರುವ ಆರು ಮೂಲೆಯ ತೂತಿಗೆ ಅಲೆನ್ ಕೀ ಹಾಕಿ (ಬಹುತೇಕ ಮಾಡೆಲ್‌ಗಳಿಗೆ ಕಾಲಿಂಚಿನದು) ಎಡಕ್ಕೂ ಬಲಕ್ಕೂ ಆಡಿಸಿ. ಸಡಿಲಾದದ್ದನ್ನು ಇಕ್ಕಳದಿಂದ ತೆಗೆಯಿರಿ, ಕೈ ಹಾಕಬೇಡಿ. ಆಮೇಲೆ ತಳದ ಕೆಂಪು ರೀಸೆಟ್ ಗುಂಡಿ ಒತ್ತಿ.

ವಾಸನೆಗೆ ಐಸ್ ಗಡ್ಡೆ, ಕಲ್ಲುಪ್ಪು ಹಾಕಿ ಅರೆಯಿರಿ. ಡ್ರೈನ್ ಕ್ಲೀನರ್, ಬ್ಲೀಚ್ ಧಾರಾಳವಾಗಿ ಸುರಿದರೆ ಟ್ಯಾಂಕಿನೊಳಗಿನದನ್ನು ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಅವನ್ನು ಬೆಳೆಸುತ್ತೇವೆಂದು ಮಾರುವ ಪುಡಿಗಳಿಗೆ ದುಡ್ಡು ಸುರಿಯುವುದೂ ದಂಡ. ಹೂಳೆತ್ತಿಸುವುದು ಅದರಿಂದ ತಪ್ಪುವುದಿಲ್ಲ.

ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಿದರೆ ನಡೆಯುತ್ತದೆ. ಡಿಸ್ಪೋಸರ್ ಇದ್ದರೆ ಅಷ್ಟು ಕಾಯಬೇಡಿ, ವರ್ಷಕ್ಕೊಮ್ಮೆ ಅಳತೆ ನೋಡಿಸಿ. ಉದ್ದ ಕೋಲಿನ ತುದಿಗೆ ಬಿಳಿ ಟವೆಲ್ ಸುತ್ತಿ, ಹೊರಹೋಗುವ ಪೈಪಿನ ಬಳಿ ತಳ ಮುಟ್ಟುವವರೆಗೆ ಇಳಿಸಬೇಕು. ಕೆಲವು ನಿಮಿಷ ಬಿಟ್ಟು ಮೆಲ್ಲಗೆ ಎತ್ತಿದರೆ ಟವೆಲ್ ಮೇಲೆ ಕಪ್ಪು ಮೆತ್ತಿದಷ್ಟು ಎತ್ತರ ಹೂಳಿನದು. ಆ ಪೈಪಿನ ಟೀ (T ಆಕಾರದ ಜೋಡಣೆ) ಕೆಳತುದಿಗೂ ಹೂಳಿಗೂ ನಡುವೆ 12 ಇಂಚು, ಮೇಲಿನ ಕೆನೆಯ ತಳಕ್ಕೂ ಅದೇ ತುದಿಗೂ ನಡುವೆ 6 ಇಂಚು ಉಳಿದಿರಬೇಕು. ಕಡಿಮೆ ಇದ್ದರೆ ಸಕ್ಕಿಂಗ್ ಗಾಡಿ ಕರೆಸಿ. ಮುಚ್ಚಳ ತೆರೆದ ಟ್ಯಾಂಕಿನೊಳಗೆ ಯಾರೂ ಬಗ್ಗಬಾರದು, ಇಳಿಯಲೂಬಾರದು: ಒಳಗಿನ ವಿಷಾನಿಲ ಕ್ಷಣದಲ್ಲಿ ಎಚ್ಚರ ತಪ್ಪಿಸುತ್ತದೆ.