ಕಿರ್ದಿ ಪುಸ್ತಕದಲ್ಲಿ ಸಂಸಾರದ ಲೆಕ್ಕ

ಡೈವೋರ್ಸ್ ಬೇಕೋ ಬೇಡವೋ ಅಂತ ನಿರ್ಧರಿಸೋದಕ್ಕೆ ನನಗೆ ಐದು ವರ್ಷ ಹಿಡಿಯಿತು. ಅದರಲ್ಲಿ ನಾಲ್ಕು ವರ್ಷ ದಂಡ. ಕೊನೆಯ ಒಂದು ವರ್ಷ ನಾನೇ ಮಾಡಿಕೊಂಡ ಪದ್ಧತಿಯಿಂದ ಕೆಲಸ ಆಯಿತು. ಅದನ್ನು ಕೇಳಿ ನಮ್ಮವ್ವ "ಜೋಳಾ ತೂಗಿದಂಗ ಗಂಡನ್ನ ತೂಗ್ತೀ ಏನ?" ಅಂದಿದ್ದಳು. ವಕೀಲರು ನಕ್ಕೇಬಿಟ್ಟಿದ್ದರು. ಈಗ ಅದೇ ವಕೀಲರು ಗೊಂದಲದಲ್ಲಿರುವ ಹೆಣ್ಣುಮಕ್ಕಳಿಗೆ "ಮೊದಲ ಆ ರೊಟ್ಟಿ ಅಕ್ಕಾರ್ನ ಭೇಟಿ ಆಗಿ ಬರ್ರಿ" ಅಂತಾರೆ. ಅದಕ್ಕೇ ಬರೆಯಲು ಕೂತೆ.

ವಿಜಯಪುರದಲ್ಲಿ ನನ್ನದು ಕಡಕ್ ರೊಟ್ಟಿ ವ್ಯಾಪಾರ. ದಿನಕ್ಕೆ 300-350 ರೊಟ್ಟಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ 600 ದಾಟುತ್ತದೆ. ಮನೆಯವರು ಟ್ರ್ಯಾಕ್ಟರ್ ಓಡಿಸುತ್ತಿದ್ದರು. (ಈಗ ಮನೆಯವರಲ್ಲ, ಆದರೂ ಬಾಯಿಗೆ ಅದೇ ಬರುತ್ತದೆ.) ಕಬ್ಬಿನ ಸೀಜನ್‌ನಲ್ಲಿ ನಾಲ್ಕೈದು ತಿಂಗಳು ಫ್ಯಾಕ್ಟರಿ ಕಡೆಯೇ ವಸ್ತಿ. ಮದುವೆಯಾಗಿ 14 ವರ್ಷ, ಒಬ್ಬಳು ಮಗಳು.

ಅವರು ಹೊಡೆಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆತ ಇರುವ ಮನೆಯಲ್ಲಿ ಲೆಕ್ಕ ಬರೆಯುತ್ತ ಕೂಡಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರೋದು ಅದಕ್ಕೇ. ನನ್ನ ತೊಂದರೆ ಬೇರೆ. ಜಗಳವೂ ಇಲ್ಲ, ಮಾತೂ ಇಲ್ಲ, ದುಡಿದ ದುಡ್ಡು ಎಲ್ಲಿ ಹೋಗುತ್ತದೆ ಅನ್ನೋದೂ ಗೊತ್ತಿಲ್ಲ. ಇಂಥ ಸಂಸಾರದಲ್ಲೇ ತೀರ್ಮಾನ ಮಾಡೋದು ಕಷ್ಟ.

ಮೊದಲು ಹಿರಿಯರನ್ನು ಕೂಡಿಸಿದೆವು. ಎರಡು ಸಲ. ಅವರ ಗಾಡಿ ಬಾಡಿಗೆ, ಚಹಾ, ಊಟ ಸೇರಿ ನಾಲ್ಕು ಸಾವಿರ ಹೋಯಿತು, ಸಿಕ್ಕಿದ್ದು "ಹೊಂದ್ಕೊಂಡ ಹೋಗವ್ವಾ" ಅನ್ನೋ ಮಾತು. ಜ್ಯೋತಿಷಿಗೆ 1,100. ಆಮೇಲೆ ಇಂಡಿ ಹತ್ತಿರದ ತವರಿಗೆ ಹೋಗಿ ಮೂರು ತಿಂಗಳು ಕೂತೆ. ಅದೇ ದೊಡ್ಡ ತಪ್ಪು. ಮೂರು ಅಂಗಡಿಯವರು ಬೇರೆಯವರ ರೊಟ್ಟಿ ಹಿಡಿದರು, ಏನಿಲ್ಲವೆಂದರೂ ಅರವತ್ತು ಸಾವಿರ ಲುಕ್ಸಾನು. ಎರಡನೇ ತಿಂಗಳಿಗೆ ವಾಪಸ್ ಹೋಗಬೇಕು ಅನಿಸಿತು. ಆದರೆ ಅದು ಗಂಡ ಬೇಕು ಅಂತಲೋ, ತಮ್ಮನ ಹೆಂಡತಿಯ ಮುಖ ನೋಡಲಾರದೆಯೋ, ನನಗೇ ತಿಳಿಯಲಿಲ್ಲ. ಒಮ್ಮೆ ಸಿಟ್ಟಿನಲ್ಲಿ ಐದು ಸಾವಿರ ಕೊಟ್ಟು ನೋಟಿಸ್ ಬರೆಸಿದೆ. ಅದು ಎರಡು ವರ್ಷ ಜೋಳದ ಡ್ರಮ್ಮಿನ ತಳದಲ್ಲೇ ಇತ್ತು.

ಒಳ್ಳೆಯದು-ಕೆಟ್ಟದ್ದು ಅಂತ ಪಟ್ಟಿ ಮಾಡೋದು ಎಲ್ಲರೂ ಹೇಳುತ್ತಾರಲ್ವಾ? ಮಾಡಿದೆ. ಒಂದು ರಾತ್ರಿ ತಪ್ಪು 31, ಗುಣ 4. ಯುಗಾದಿಗೆ ಮಗಳಿಗೆ ಬಳೆ ತಂದರು, ಆ ವಾರ ಬರೆದರೆ ಗುಣ 9! ಪಟ್ಟಿ ನನ್ನ ಸಿಟ್ಟನ್ನು ಅಳೆಯುತ್ತಿತ್ತು, ಸಂಸಾರವನ್ನಲ್ಲ.

ದಾರಿ ಸಿಕ್ಕಿದ್ದು ಎಪಿಎಂಸಿಯಲ್ಲಿ. ದೀಪಾವಳಿ ಮುಂದೆ ಮಾಲದಂಡಿ ಜೋಳ ತರಲು ಹೋಗಿದ್ದೆ. ಅಡತಿ ಅಂಗಡಿಯಲ್ಲಿ ದಿನದ ಜಮಾ-ಖರ್ಚು ಬರೆಯುವ ಹೊಸ ಕಿರ್ದಿ ಪುಸ್ತಕ ಪೂಜೆಗೆ ಇಟ್ಟಿದ್ದರು. ವ್ಯಾಪಾರ ಹ್ಯಾಂಗೈತ್ರಿ ಅಂದೆ. ಸಾಹುಕಾರರು "ಒಂದ್ ದಿನದ ಗಲ್ಲಾ ನೋಡಿ ಯಾರರ ಅಂಗಡಿ ಮುಚ್ಚತಾರೇನ್ರಿ? ವರ್ಷದ ಲೆಕ್ಕ ನೋಡಬೇಕ" ಅಂದರು. ಬರುವಾಗ ನಾನೂ ಒಂದು ಕೆಂಪು ಪುಸ್ತಕ ಕೊಂಡೆ. 120 ರೂಪಾಯಿ ಇರಬೇಕು.

ಅದರಲ್ಲಿ ಅವರ ತಪ್ಪು ಬರೆಯಲಿಲ್ಲ. ದಿನಕ್ಕೆ ಒಂದೇ ಪ್ರಶ್ನೆ: ಇವತ್ತು ಈ ಮನುಷ್ಯ ಮನೆಯಲ್ಲಿರಲಿ ಅನಿಸುತ್ತದೆಯೋ? ಹೌದಾದರೆ ಜಮಾ, ಬೇಡವಾದರೆ ಖರ್ಚು, ಏನೂ ಅನಿಸದಿದ್ದರೆ ಸೊನ್ನೆ. ಮೊದಮೊದಲು ರಾತ್ರಿ ಬರೆದೆ. ದಣಿದ ಮೈಗೆ ಎಲ್ಲವೂ ಖರ್ಚೇ. ಒಂದೂವರೆ ತಿಂಗಳು ಹಾಗೆ ಹಾಳಾಯಿತು. ಆಮೇಲೆ ಬೆಳಗಿನ ಐದಕ್ಕೆ ಬದಲಿಸಿದೆ. ಎಸರು ಕುದಿಯಲು ಇಟ್ಟು, ಹಿಟ್ಟಿಗೆ ಕೈ ಹಾಕುವ ಮುಂಚೆ. ಆಗ ಮನಸ್ಸಿನಲ್ಲಿ ನಿನ್ನೆಯ ಸಿಟ್ಟೂ ಇರೋದಿಲ್ಲ, ಇವತ್ತಿನದು ಇನ್ನೂ ಶುರುವಾಗಿರೋದಿಲ್ಲ. ಯಾರ ಕೈಗೆ ಸಿಕ್ಕರೂ ರೊಟ್ಟಿ ಲೆಕ್ಕದಂತೆ ಕಾಣುವ ಹಾಗೆ ಬರೆಯುತ್ತಿದ್ದೆ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನೊಂದು ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ. ಬೇರೆಯಾದರೆ ಮನೆ ಬಾಡಿಗೆ, ಕರೆಂಟು, ಮಗಳ ಫೀಸು ಸೇರಿ ತಿಂಗಳಿಗೆ ಆರು ಸಾವಿರ ಜಾಸ್ತಿ ಬೇಕು ಅಂತ ಅಂದಾಜಿತ್ತು. ಈಗಾಗಲೇ ಬೇರೆ ಇದ್ದೇನೆ ಅಂದುಕೊಂಡು ದಿನಕ್ಕೆ 200 ಕಟ್ಟಿದೆ. ಮೊದಲೆರಡು ತಿಂಗಳಲ್ಲಿ ಹತ್ತು-ಹನ್ನೊಂದು ದಿನ ತಪ್ಪಿತು. ಆಮೇಲೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಸೇರಿಸಿ ಸರಿದೂಗಿಸಿದೆ. ಎಂಟನೇ ತಿಂಗಳು ಅವ್ವನ ಕಣ್ಣಿನ ಆಪರೇಷನ್‌ಗೆ ಮುರಿಸಬೇಕಾಯಿತು. ಬಡ್ಡಿ ಹೋಯಿತು, ಮೇಲೆ ಸಾವಿರದಷ್ಟು ಕಡಿತ. ಮರುದಿನವೇ ಮತ್ತೆ ಶುರು ಮಾಡಿದೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಮಾಡಿದೆ. ಅವರ ಬೈಕಿನ ಸಪ್ಪಳ ಕೇಳಿದರೆ ನನ್ನ ಬಡಿತ ಜೋರಾಗುತ್ತಿತ್ತು, ರೊಟ್ಟಿ ನಡುವೆ ಹರಿಯುತ್ತಿತ್ತು. ಸರಿ, ಹರಿದ ರೊಟ್ಟಿ ಎಣಿಸೋಣ ಅಂತ ಹೊರಟೆ. ಅವರಿಲ್ಲದಾಗ ನೂರಕ್ಕೆ ಮೂರ್ನಾಲ್ಕು, ಇದ್ದಾಗ ಹತ್ತು-ಹನ್ನೆರಡು. ಸಿಕ್ಕಿತು ಅಂತ ಕುಣಿದೆ. ನೋಡಿದರೆ ಆ ವಾರದ್ದು ಹಳೇ ಹಿಟ್ಟು, ಜಿಗಿ ಹೋಗಿತ್ತು. ಹೊಸದಾಗಿ ಬೀಸಿಸಿದ ಮೇಲೆ ಅವರಿದ್ದರೂ ಐದು ದಾಟಲಿಲ್ಲ.

ವರ್ಷದ ಕೊನೆಗೆ ಸುಮಾರು 350 ದಿನದಲ್ಲಿ ಜಮಾ ನಲವತ್ತು, ಖರ್ಚು ತೊಂಬತ್ತು. ಉಳಿದದ್ದೆಲ್ಲ ಸೊನ್ನೆ! ಖರ್ಚೇ ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ಇದಕ್ಕಿಂತ ವಿಚಿತ್ರ ಎಂದರೆ ಆ ಜಮಾ ದಿನಗಳು. ದಿನಾಂಕ ಹಿಡಿದು ನೋಡಿದರೆ ಇಪ್ಪತ್ತೈದರಷ್ಟು ದಿನ ಗಿರಣಿಯಿಂದ ಹಿಟ್ಟಿನ ಚೀಲ ತರಬೇಕಿತ್ತು, ಇಲ್ಲವೇ ಸಿಲಿಂಡರ್ ಹೊರಬೇಕಿತ್ತು. ಮತ್ತೆ ಎರಡು ತಿಂಗಳು ಬರೆದೆ. ಈ ಸಲ ಆಟೋ ಹುಡುಗನೊಬ್ಬನಿಗೆ ಸಲಕ್ಕೆ 60 ರೂಪಾಯಿ ಕೊಟ್ಟು ಆ ಕೆಲಸ ಒಪ್ಪಿಸಿದೆ. ಜಮಾ ಮೂರಕ್ಕೆ ಇಳಿಯಿತು. ಮೂರೂ ಮಗಳಿಗೆ ಜ್ವರ ಬಂದಿದ್ದ ದಿನಗಳು. ಆವತ್ತು ಪುಸ್ತಕ ಮುಚ್ಚಿ ಬಹಳ ಹೊತ್ತು ಅತ್ತೆ. ಮರುದಿನ ಅವರಿಗೆ ಹೇಳಿದೆ.

ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಬರೆಯೋದಿಲ್ಲ. ಇಬ್ಬರೂ ಒಪ್ಪಿ ಡೈವೋರ್ಸ್ ಪಡೆಯೋದಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿ 13ಬಿ ಅಂತ ಕಲಂ ಇದೆ. ಒಂದು ವರ್ಷ ಬೇರೆ ಇರಬೇಕು ಅಂದಕೂಡಲೇ ಜನ ಹೆದರುತ್ತಾರೆ. ಒಂದೇ ಸೂರಿನಡಿ ಇದ್ದರೂ ಗಂಡ-ಹೆಂಡತಿಯಂತೆ ಬಾಳದಿದ್ದರೆ ಅದೂ ಬೇರೆ ಇದ್ದ ಲೆಕ್ಕವೇ ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದು ಎಂದು 2017ರ ತೀರ್ಪಿದೆ, ಆದರೆ ಆ ತೀರ್ಪಿನ ಪ್ರಕಾರ ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು. ನಮ್ಮದು ಅಷ್ಟಾಗಿರಲಿಲ್ಲ, ಕಾದೆವು. ಆ ಆರು ತಿಂಗಳೂ ಪುಸ್ತಕ ಬಿಡಲಿಲ್ಲ. ಡಿಕ್ರಿ, ಅಂದರೆ ಕೋರ್ಟಿನ ಕೊನೆಯ ಆದೇಶ, ಆಗುವವರೆಗೆ ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕು ಇಬ್ಬರಿಗೂ ಇದೆಯಲ್ಲ, ಲೆಕ್ಕ ಬದಲಾದರೆ ನಾನೇ ಹಿಂದೆ ಸರಿಯುತ್ತಿದ್ದೆ. ಬದಲಾಗಲಿಲ್ಲ.

ವಕೀಲರ ಫೀಸು, ಓಡಾಟ ಎಲ್ಲ ಸೇರಿ ಮೂವತ್ತು ಸಾವಿರದ ಒಳಗೆ ಮುಗಿಯಿತು. ತವರಿನ ನಾಲ್ಕು ತೊಲೆ ಬಂಗಾರ ವಾಪಸ್ ಬಂತು. ಮಗಳ ಹೆಸರಿಗೆ ಮೂರು ಲಕ್ಷ ಠೇವಣಿ, ಎರಡು ಕಂತಿನಲ್ಲಿ. ಭಾನುವಾರ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ. ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಾರೆ. ಹೋದ ವಾರ "ರೊಟ್ಟಿ ಹತ್ತ ಕೊಡ" ಅಂದರು. ಕೊಟ್ಟೆ, ಎಂಬತ್ತು ರೂಪಾಯಿ ಇಸಿದುಕೊಂಡೆ.